ಯಾಬೇಚ: ಅಕ್ಷರ ಆಚೀಚೆ ಮಾಡಿದ ಒಬ್ಬ ತಾಯಿ

ತಂಗಿಗೆ ಶನಿವಾರ ರಾತ್ರಿ ಶುರುವಾದ ಬೇನೆ ಭಾನುವಾರ ಸಂಜೆಯಾದರೂ ಬಿಡಲಿಲ್ಲ. ಹೆರಿಗೆ ವಾರ್ಡಿನ ಹೊರಗೆ ಕಬ್ಬಿಣದ ಬೆಂಚಿನ ಮೇಲೆ ನಾನೂ ಅಮ್ಮನೂ ಕೂತಿದ್ದೆವು. ಅಮ್ಮನ ಮಡಿಲಲ್ಲಿ ಅಜ್ಜಿಯ ಕಾಲದ ಬೈಬಲ್ ಇತ್ತು. ಅವಳು ಓದುತ್ತಿರಲಿಲ್ಲ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಅಷ್ಟೆ. ಬಾಗಿಲು ತೆರೆದಾಗಲೆಲ್ಲ ಒಳಗಿನ ಕೂಗು ಕೇಳುತ್ತಿತ್ತು. ಮುಚ್ಚಿದರೆ ನಿಲ್ಲುತ್ತಿತ್ತು. ಅದು ನನ್ನ ತಂಗಿಯ ದನಿ ಅಂತ ಗುರುತು ಹಿಡಿಯುವುದಕ್ಕೇ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೂವತ್ತು ವರ್ಷ ಕೇಳಿದ ದನಿ, ಆದರೂ.

ಕತ್ತಲಾಗುವ ಹೊತ್ತಿಗೆ ಗಂಡು ಮಗು ಹುಟ್ಟಿತು. ಇಬ್ಬರೂ ಚೆನ್ನಾಗಿದ್ದಾರೆ ಅಂದರು. ಒಳಗೆ ಹೋದಾಗ ತಂಗಿಯ ತುಟಿ ಒಡೆದಿತ್ತು, ಹಲ್ಲು ಕಚ್ಚಿ ಕಚ್ಚಿ. "ಅಣ್ಣಾ, ಇನ್ನು ಆಗಲ್ಲ ಅನ್ಕೊಂಡಿದ್ದೆ" ಅಂದಳು. ಇಷ್ಟೇ ಅವಳು ಆ ಬಗ್ಗೆ ಹೇಳಿದ್ದು.

ಮೂರನೇ ದಿನ ಹೆಸರಿನ ಮಾತು ಬಂತು. ಅಮ್ಮ ತಟ್ಟನೆ "ಯಾಬೇಚ ಅಂತ ಇಡೋಣ" ಅಂದಳು. ತಂಗಿಯ ಅತ್ತೆಗೆ ಬೇಜಾರಾಯಿತು. "ಅದರ ಅರ್ಥ ನೋವು ಅಂತ ಅಲ್ವಾ? ಹಸುಗೂಸಿಗೆ ಯಾರಾದರೂ ಅಂಥ ಹೆಸರು ಇಡ್ತಾರಾ?" ಎಲ್ಲರೂ ನನ್ನ ಕಡೆ ನೋಡಿದರು. ನಾನು ಕೆಲವು ವರ್ಷ ಒಬ್ಬ ನಿವೃತ್ತ ಪಾದ್ರಿಯವರ ಮನೆಗೆ ಹೋಗಿ, ಹಳೆಯ ಒಡಂಬಡಿಕೆಯ ಮೂಲ ಭಾಷೆಯಾದ ಹೀಬ್ರೂ ಕಲಿತವನು. ಆ ಹೊತ್ತಿಗೆ ಏನೋ ಎರಡು ಮಾತು ಹೇಳಿದೆ. ಪೂರ್ತಿ ಹೇಳಲಿಲ್ಲ. ಬಾಣಂತಿಯ ಮಂಚದ ಪಕ್ಕ ಅಷ್ಟೆಲ್ಲ ಹೇಳುವುದಕ್ಕೆ ಆಗುತ್ತಾ? ಆವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾಬೇಚ ಬೈಬಲ್ಲಿನಲ್ಲಿ ಬರುವುದು ಎರಡೇ ಎರಡು ವಚನದಲ್ಲಿ. ಒಂದನೇ ಪೂರ್ವಕಾಲವೃತ್ತಾಂತದ 4ನೇ ಅಧ್ಯಾಯ, 9 ಮತ್ತು 10ನೇ ವಚನ. ಆ ಪುಸ್ತಕವನ್ನು ಓದಲು ಹೊರಟವರಲ್ಲಿ ಎಷ್ಟೋ ಜನ ಮೊದಲ ಪುಟಗಳಲ್ಲೇ ಕೈಬಿಡುತ್ತಾರೆ. ಒಂಬತ್ತು ಅಧ್ಯಾಯ ಬರೀ ಹೆಸರುಗಳು. ಇಂಥವನು ಇಂಥವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು. ಮೊದಲ ಪದವೇ ಆದಾಮ. ಅಲ್ಲಿಂದ ಹೊಳೆ ಹರಿದ ಹಾಗೆ ಹೆಸರುಗಳು. 4ನೇ ಅಧ್ಯಾಯದಲ್ಲಿ ಯೂದಾ ಕುಲದ ಪಟ್ಟಿ ಸಾಗುತ್ತಿದೆ. ಇದ್ದಕ್ಕಿದ್ದ ಹಾಗೆ ಪಟ್ಟಿ ನಿಂತುಹೋಗುತ್ತದೆ. ಯಾರೋ ಒಬ್ಬ ಕಾಣಿಸಿಕೊಳ್ಳುತ್ತಾನೆ. ಅವನ ಅಪ್ಪ ಯಾರು ಅಂತ ಹೇಳಿಲ್ಲ. ಅಣ್ಣತಮ್ಮಂದಿರು ಇದ್ದರು, ಅವರ ಹೆಸರಿಲ್ಲ. ಅಮ್ಮ ಇದ್ದಾಳೆ, ಅವಳ ಹೆಸರೂ ಇಲ್ಲ. ಆದರೆ ಅವಳ ಮಾತು ಇದೆ. "ನೋವಿನಲ್ಲಿ ಇವನನ್ನು ಹೆತ್ತೆ" ಅಂತ ಹೇಳಿ ಅವಳು ಅವನನ್ನು ಯಾಬೇಚ ಅಂತ ಕರೆದಳು. ಅವನು ತನ್ನ ಅಣ್ಣತಮ್ಮಂದಿರಿಗಿಂತ ಮಾನವಂತನಾಗಿದ್ದ. ದೇವರನ್ನು ಏನೋ ಕೇಳಿಕೊಂಡ. ದೇವರು ಕೊಟ್ಟ. ಮುಗಿಯಿತು. 11ನೇ ವಚನದಿಂದ ಮತ್ತೆ ಪಟ್ಟಿ.

ಅಪ್ಪಂದಿರ ಹೆಸರೇ ತುಂಬಿದ ಈ ಪುಟದಲ್ಲಿ ಒಬ್ಬ ಹೆಂಗಸಿನ ಬಾಯಿಂದ ಬಂದ ಮಾತು ಹೇಗೆ ಉಳಿಯಿತು ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಈಗ ಆ ಹೆಸರನ್ನು ಹತ್ತಿರದಿಂದ ನೋಡೋಣ. ಹೀಬ್ರೂವಿನಲ್ಲಿ ಬರೆಯುವುದು ಬಲದಿಂದ ಎಡಕ್ಕೆ, ಮುಖ್ಯವಾಗಿ ವ್ಯಂಜನಗಳನ್ನೇ. ಅವಳು ಹೇಳಿದ "ನೋವು" ಅನ್ನುವ ಪದ ಓತ್ಸೆಬ್. ಅದರಲ್ಲಿ ಮೂರು ಅಕ್ಷರ: ಅಯಿನ್, ತ್ಸಾದೆ, ಬೇತ್. ಅವಳು ಇಟ್ಟ ಹೆಸರು ಯಅಬೇತ್ಸ್. ಅದರಲ್ಲಿ ನಾಲ್ಕು: ಯೋದ್, ಅಯಿನ್, ಬೇತ್, ತ್ಸಾದೆ. ಮೊದಲಿನ ಯೋದ್ ಅನ್ನು ಪಕ್ಕಕ್ಕಿಡಿ. "ಅವನು" ಅನ್ನುವ ಸೂಚನೆ ಕೊಡಲು ಎಷ್ಟೋ ಹೀಬ್ರೂ ಹೆಸರುಗಳಲ್ಲಿ ಅದು ಹಾಗೆ ಬರುತ್ತದೆ. ಉಳಿದ ಮೂರನ್ನು ನೋಡಿ. ಅಕ್ಷರಗಳು ಅವೇ. ಆದರೆ ಕೊನೆಯ ಎರಡು ಜಾಗ ಬದಲಿಸಿವೆ. ನೋವಿನಲ್ಲಿ ತ್ಸಾದೆ ಮೊದಲು, ಬೇತ್ ಆಮೇಲೆ. ಹೆಸರಿನಲ್ಲಿ ಬೇತ್ ಮೊದಲು, ತ್ಸಾದೆ ಆಮೇಲೆ.

ಅಂದರೆ ತಂಗಿಯ ಅತ್ತೆ ಹೇಳಿದ್ದು ಪೂರ್ತಿ ಸರಿಯಲ್ಲ. ಯಾಬೇಚ ಅಂದರೆ ನೋವು ಅಂತ ಅಲ್ಲ. ನೋವನ್ನು ಕಲಕಿ ಮಾಡಿದ ಹೆಸರು ಅದು. ನೇರವಾಗಿ ನೋವು ಅಂತಲೇ ಇಡಬೇಕಾಗಿದ್ದರೆ ಇಡಬಹುದಿತ್ತು, ಅಕ್ಷರಗಳು ಅವಳ ಕೈಯಲ್ಲೇ ಇದ್ದವು. ಅವಳು ಇಡಲಿಲ್ಲ. ಕೇಳಿದವರಿಗೆ ನೋವು ನೆನಪಾಗಬೇಕು, ಆದರೆ ಮಗು ಆ ಪದವನ್ನೇ ಹೊತ್ತು ತಿರುಗಬಾರದು. ಇದನ್ನು ಸುಮ್ನೆ ಪದದಾಟ ಅಂತ ಬಿಡುವವರಿದ್ದಾರೆ. ಬೈಬಲ್ಲಿನಲ್ಲಿ ಹೆಸರಿಗೆ ಕಾರಣ ಹೇಳುವಾಗ ದನಿಯ ಹೋಲಿಕೆ ಸಾಕು, ವ್ಯಾಕರಣ ಬೇಕಿಲ್ಲ, ಅದೂ ನಿಜ. ಆದರೆ ಹೊಸದಾಗಿ ಹೆತ್ತ ತಾಯಿಯನ್ನು ನೋಡಿ ಬಂದವನಿಗೆ ಅದು ಬರೀ ಆಟ ಅನ್ನಿಸುವುದಿಲ್ಲ. ತಂಗಿಯೂ ಆವತ್ತು ಹಾಗೇ ಮಾಡಿದಳಲ್ಲ. ಏನೋ ಹೇಳಿದಳು, ಏನೋ ಹೇಳದೆ ಬಿಟ್ಟಳು.

ಇನ್ನೊಂದು ವಿಷಯ ಇದೆ. ಇದನ್ನು ಕಂಡ ದಿನ ನಾನು ಪುಸ್ತಕ ಮುಚ್ಚಿಟ್ಟು ಮಹಡಿಗೆ ಹೋಗಿ ನಿಂತಿದ್ದೆ. ಹೀಬ್ರೂವಿನಲ್ಲಿ ಐದು ಅಕ್ಷರಗಳಿಗೆ ಎರಡೆರಡು ರೂಪ. ಪದದ ನಡುವೆ ಬಂದರೆ ಒಂದು, ಕೊನೆಯಲ್ಲಿ ಬಂದರೆ ಇನ್ನೊಂದು. ತ್ಸಾದೆ ಆ ಐದರಲ್ಲಿ ಒಂದು. ನಡುವೆ ಇದ್ದಾಗ ಅದರ ಕಾಲು ಮಡಚಿಕೊಂಡಿರುತ್ತದೆ, ಮೊಣಕಾಲೂರಿ ಕೂತ ಮನುಷ್ಯನ ಹಾಗೆ. ಕೊನೆಗೆ ಬಂದರೆ ಆ ಕಾಲು ನೇರವಾಗಿ ಕೆಳಗೆ ಇಳಿಯುತ್ತದೆ, ಸಾಲನ್ನೂ ದಾಟಿ. ಓದಲು ಕಲಿಸುವವರು ಒಂದನ್ನು ಬಾಗಿದ ತ್ಸಾದೆ, ಇನ್ನೊಂದನ್ನು ನೇರ ತ್ಸಾದೆ ಅಂತಲೇ ಕರೆಯುತ್ತಾರೆ. ಯೆಹೂದ್ಯ ಗುರುಗಳ ಹಳೆಯ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನ ಶಬ್ಬಾತ್ ಭಾಗದಲ್ಲಿ ಮಕ್ಕಳು ಅಕ್ಷರಗಳಿಗೆ ಅರ್ಥ ಹೇಳುವ ಒಂದು ಸೊಗಸಾದ ಜಾಗ ಇದೆ. ಅಲ್ಲಿ ತ್ಸಾದೆಯ ಎರಡು ರೂಪ ಅಂದರೆ ಬಾಗಿದ ನೀತಿವಂತ, ನೆಟ್ಟಗೆ ನಿಂತ ನೀತಿವಂತ. ಈಗ ಮತ್ತೆ ಈ ತಾಯಿಯ ಎರಡು ಪದ ನೋಡಿ. "ನೋವು" ಅನ್ನುವಲ್ಲಿ ತ್ಸಾದೆ ನಡುವೆ ಸಿಕ್ಕಿಕೊಂಡು ಕಾಲು ಮಡಚಿಕೊಂಡಿದೆ. ಮಗನ ಹೆಸರಿನಲ್ಲಿ ಅದು ಕೊನೆಗೆ ಬಂದು ಕಾಲು ಚಾಚಿದೆ.

ಈ ಎರಡು ರೂಪಗಳು ಬರವಣಿಗೆಯಲ್ಲಿ ಆಮೇಲೆ ಬಂದವು. ಆ ತಾಯಿಯ ಕಾಲದಲ್ಲಿ ಇದ್ದವು ಅಂತ ನಾನು ಹೇಳುತ್ತಿಲ್ಲ. ಆದರೆ ಇವತ್ತು ಹೀಬ್ರೂ ಓದುವ ಯಾರ ಕಣ್ಣಿಗಾದರೂ ಅದು ಹಾಗೇ ಕಾಣುತ್ತದೆ. ನನಗೆ ಅಷ್ಟು ಸಾಕು.

ನಮ್ಮ ಕನ್ನಡ ಬೈಬಲ್ಲಿನ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ಇಂಗ್ಲಿಷಿನವರಿಗೆ ಈತ ಜೇಬೆಜ್. ನಮ್ಮಲ್ಲೂ ಈಗ ಮಕ್ಕಳಿಗೆ ಇಡುವಾಗ ಜಾಬೆಜ್, ಜೇಬೆಜ್ ಅಂತಲೇ ಜಾಸ್ತಿ. ಆದರೆ ಕನ್ನಡದಲ್ಲಿ ಓದಿದರೆ ಯಾಬೇಚ. ಆ ಕೊನೆಯ ಚ ಎಲ್ಲಿಂದ ಬಂತು ಅಂತ ಚಿಕ್ಕವನಾಗಿದ್ದಾಗ ಯೋಚಿಸಿರಲಿಲ್ಲ. ಅದು ತ್ಸಾದೆ. ನಮಗೆ ತ್ಸ ಅನ್ನುವ ಒಂಟಿ ಅಕ್ಷರ ಇಲ್ಲ. ಹತ್ತಿರದ್ದು ಚ. ಚೀಯೋನ್, ಚೀದೋನ್, ಚಿದ್ಕೀಯ, ಎಲ್ಲ ಕಡೆಯೂ ಹಾಗೇ. ಬಳ್ಳಾರಿಯಲ್ಲಿ ಕೂತು ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಕನ್ನಡಕ್ಕೆ ತಂದ ಪೂರ್ತಿ ಬೈಬಲ್ 1831ರಲ್ಲಿ ಹೊರಬಂತು. ಆಮೇಲೆ ಎಷ್ಟೋ ಕೈಗಳು ಅದನ್ನು ತಿದ್ದಿವೆ. ಅವರಲ್ಲಿ ಯಾರೋ ಈ ಅಕ್ಷರವನ್ನು ಸವೆದುಹೋದ ಜ ಆಗಿ ಬಿಡದೆ, ಮೂಲದ ಕಡೆ ಕಿವಿ ಕೊಟ್ಟು ಚ ಅಂತ ಬರೆದರು. ನಮ್ಮ ಅಜ್ಜಿಯ ಬಾಯಲ್ಲಿ ಆ ಹೆಸರು ಎಷ್ಟೋ ವಿದ್ವಾಂಸರ ಬಾಯಲ್ಲಿ ಬರುವುದಕ್ಕಿಂತ ಮೂಲಕ್ಕೆ ಹತ್ತಿರವಾಗಿತ್ತು.

ಈಗ ಅವಳ ಮಾತಿನ ಕಡೆ ಬರೋಣ. "ನೋವಿನಲ್ಲಿ ಹೆತ್ತೆ." ಇದೇ ಮಾತು ಬೈಬಲ್ಲಿನಲ್ಲಿ ಮೊದಲು ಕೇಳಿಸುವುದು ಏದೆನ್ ತೋಟದಲ್ಲಿ. ಆದಿಕಾಂಡದ 3ನೇ ಅಧ್ಯಾಯ, 16ನೇ ವಚನ. ಹಣ್ಣು ತಿಂದ ಮೇಲೆ ದೇವರು ಹೆಂಗಸಿಗೆ ಹೇಳುತ್ತಾನೆ: ನೋವಿನಲ್ಲಿ ಮಕ್ಕಳನ್ನು ಹೆರುವೆ. ಅಲ್ಲಿರುವುದು ಎತ್ಸೆಬ್, ಇಲ್ಲಿರುವುದು ಓತ್ಸೆಬ್. ಒಂದೇ ಬೇರು, ಒಂದೇ ಮೂರು ಅಕ್ಷರ. ಹೆರುವುದಕ್ಕೆ ಬಳಸಿದ ಕ್ರಿಯಾಪದವೂ ಒಂದೇ. ಈಗ ಅಚ್ಚಾಗುವ ಹೀಬ್ರೂ ಬೈಬಲ್ಲಿನಲ್ಲಿ ಆದಿಕಾಂಡ ಮೊದಲ ಪುಸ್ತಕ, ಪೂರ್ವಕಾಲವೃತ್ತಾಂತ ಕೊನೆಯದು. ಮೊದಲ ಪುಸ್ತಕದಲ್ಲಿ ಹೆಂಗಸಿಗೆ ಹೇಳಿದ ಮಾತಿಗೆ ಕೊನೆಯ ಪುಸ್ತಕದಲ್ಲಿ ಒಬ್ಬಳು "ಹೌದು, ಹಾಗೇ ಆಯಿತು" ಅಂತ ಉತ್ತರ ಕೊಟ್ಟ ಹಾಗೆ ಕೇಳುತ್ತದೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಅದೇ ಅಧ್ಯಾಯದ ಮುಂದಿನ ವಚನದಲ್ಲಿ ಗಂಡಸು ನೆಲದ ಜೊತೆ ಬಡಿದಾಡಿ ಉಣ್ಣುವುದಕ್ಕೂ ಇದೇ ಬೇರಿನ ಪದ, ಇತ್ಸಾಬೋನ್. ಮೂರು ಅಧ್ಯಾಯ ಮುಂದೆ ಹೋದರೆ, ಜಲಪ್ರಳಯಕ್ಕೆ ಮೊದಲು, ಮನುಷ್ಯರ ಕೆಟ್ಟತನ ನೋಡಿ ದೇವರಿಗೇ ಮನಸ್ಸಿನಲ್ಲಿ ನೋವಾಯಿತು ಅಂತ ಇದೆ. ಅಲ್ಲಿಯೂ ಇದೇ ಬೇರು. ಹೆಂಗಸಿನ ಹೆರಿಗೆ, ಗಂಡಸಿನ ದುಡಿಮೆ, ದೇವರ ಎದೆ, ಮೂರಕ್ಕೂ ಒಂದೇ ಪದ ಹೊಂದಿಸಿದವರು ಅದನ್ನು ತಿಳಿಯದೆ ಮಾಡಿರಲಾರರು.

ಇದನ್ನು ತಿಳಿದ ಮೇಲೆ ನಾನು ಪಟ್ಟಿಯಲ್ಲಿ ಒಂದು ಹೆಜ್ಜೆ ಹಿಂದೆ ಹೋಗಿ 8ನೇ ವಚನ ನೋಡಿದೆ. ಅಲ್ಲಿ ಕೋಚ್ ಅನ್ನುವವನು ಅನೂಬ್ ಅನ್ನುವವನನ್ನು ಪಡೆದ ಅಂತ ಇದೆ. ಕೋಚ್ ಅಂದರೆ ಮುಳ್ಳು. ಏದೆನ್ ತೋಟದಲ್ಲಿ ನೆಲಕ್ಕೆ ಶಾಪ ಕೊಟ್ಟು "ಮುಳ್ಳು ಬೆಳೆಯುವುದು" ಅನ್ನುವಾಗ ಬರುವ ಪದವೇ ಅದು. ಅನೂಬ್ ಅನ್ನುವುದರಲ್ಲಿ ದ್ರಾಕ್ಷಿಯ ಅಕ್ಷರಗಳಿವೆ. ಮುಳ್ಳು ದ್ರಾಕ್ಷಿಯನ್ನು ಹೆತ್ತಿತು. ಅದರ ಕೆಳಗಿನ ವಚನದಲ್ಲೇ ನೋವಿನಲ್ಲಿ ಹೆತ್ತ ತಾಯಿ. ಬರೆದವನು ಬೇಕೆಂದೇ ಹೀಗೆ ಇಟ್ಟನೋ, ವಂಶದ ಹೆಸರುಗಳು ತಾವಾಗಿ ಹೀಗೆ ಬಂದವೋ. ಒಣ ಪಟ್ಟಿ ಅಂತ ಎಷ್ಟು ಸಲ ಬೆರಳಲ್ಲಿ ಸರಿಸಿ ಮುಂದೆ ಹೋಗಿದ್ದೆನೋ, ಅಲ್ಲೇ ಇದು ಕೂತಿತ್ತು.

ನೋವಿನಿಂದ ಹೆಸರಿಟ್ಟ ತಾಯಂದಿರು ಬೈಬಲ್ಲಿನಲ್ಲಿ ಬೇರೆಯವರೂ ಇದ್ದಾರೆ. ರಾಹೇಲಳು ಎರಡನೇ ಮಗನನ್ನು ಹೆತ್ತು ಪ್ರಾಣ ಬಿಡುವಾಗ ಅವನನ್ನು ಬೆನೋನಿ, ನನ್ನ ದುಃಖದ ಮಗ, ಅಂತ ಕರೆದಳು. ಅವಳ ಗಂಡ ಯಾಕೋಬ ಅದನ್ನು ಒಪ್ಪಲಿಲ್ಲ, ಬೆನ್ಯಾಮೀನ ಅಂತ ಬದಲಿಸಿದ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಫೀನೆಹಾಸನ ಹೆಂಡತಿ ಹೆರಿಗೆಯಲ್ಲೇ ಸಾಯುತ್ತ ಮಗನಿಗೆ ಈಕಾಬೋದ್ ಅಂತ ಇಟ್ಟಳು, ಮಾನ ಹೋಯಿತು ಅಂತ. ಆ ಹೆಸರಿನ ಕೊನೆಯಲ್ಲಿರುವ ಕಾಬೋದ್ ಮತ್ತು ಯಾಬೇಚನನ್ನು "ಮಾನವಂತ" ಅನ್ನುವ ಪದ ಎರಡೂ ಒಂದೇ ಬೇರಿನವು. ಒಬ್ಬ ತಾಯಿ ಮಾನ ಹೋಯಿತು ಅಂತ ಹೆಸರಿಟ್ಟಳು. ಇನ್ನೊಬ್ಬಳು ನೋವು ಅಂದಳು, ಅವಳ ಮಗನಿಗೆ ಮಾನ ಬಂತು. ಮತ್ತೆ, ಯಾಬೇಚನ ಹೆಸರನ್ನು ಯಾರೂ ಬದಲಿಸಲಿಲ್ಲ. ಅಪ್ಪನೂ ಬದಲಿಸಲಿಲ್ಲ, ದೊಡ್ಡವನಾದ ಮೇಲೆ ಅವನೂ ಬದಲಿಸಿಕೊಳ್ಳಲಿಲ್ಲ.

ನಮ್ಮ ಕಡೆ ಇಂಥ ಹೆಸರುಗಳು ಹೊಸದಲ್ಲ. ಸಾಲಾಗಿ ಹೆಣ್ಣು ಹುಟ್ಟಿದಾಗ ಸಾಕಮ್ಮ. ಮುಂಚಿನ ಮಕ್ಕಳು ಉಳಿಯದೆ ಹೋದಾಗ ತಿಪ್ಪೆಯ ಹೆಸರು ಹಿಡಿದು ತಿಪ್ಪಯ್ಯ, ತಿಪ್ಪಮ್ಮ, ಸಾವಿನ ಕಣ್ಣು ಬೀಳದಿರಲಿ ಅಂತ. ನಮ್ಮ ಅಜ್ಜಿಯ ಬೀದಿಯಲ್ಲಿ ಇಬ್ಬರು ಸಾಕಮ್ಮಂದಿರಿದ್ದರು. ಒಬ್ಬಳು ಇಡೀ ಬೀದಿಯ ಬಾಣಂತಿಯರಿಗೆ ನೀರು ಹಾಕುವವಳು. ಆ ಹೆಸರು ಕೂಗುವಾಗ ಯಾರಿಗೂ "ಸಾಕು" ಅನ್ನುವುದು ಕೇಳಿಸುತ್ತಿರಲಿಲ್ಲ. ಹೆಸರು ಅವಳಾಗಿತ್ತು.

ಮಗನ ಪ್ರಾರ್ಥನೆಗೆ ಬರೋಣ. ಇದನ್ನು ನೀವು ಎಲ್ಲಾದರೂ ಕಂಡಿರಬಹುದು. ಸುಮಾರು ಇಪ್ಪತ್ತೈದು ವರ್ಷಗಳಿಂದ ಯಾಬೇಚನ ಪ್ರಾರ್ಥನೆ ಗೋಡೆ ಕ್ಯಾಲೆಂಡರಿನಲ್ಲಿದೆ, ಕಾರಿನ ಗಾಜಿನ ಮೇಲಿದೆ, ಬೆಳಗ್ಗೆ ಬರುವ ವಾಟ್ಸಾಪ್ ಸಂದೇಶದಲ್ಲಿದೆ. ಅದರಲ್ಲಿ ಒಂದೇ ತುಂಡು ದಪ್ಪಕ್ಷರದಲ್ಲಿ: ನನ್ನ ಗಡಿಯನ್ನು ವಿಸ್ತರಿಸು. ಅಂಗಡಿ ಬೆಳೆಯಲಿ, ಸೈಟು ಸಿಗಲಿ. ಆಸೆಪಟ್ಟು ಕೇಳುವವರ ಬಗ್ಗೆ ನನಗೆ ಕೋಪ ಇಲ್ಲ. ಕಷ್ಟದಲ್ಲಿರುವವನು ಇನ್ನೇನು ಕೇಳುತ್ತಾನೆ? ಆದರೆ ಆ ಪ್ರಾರ್ಥನೆಯ ಬಾಲ ಕತ್ತರಿಸಿ ಅಚ್ಚು ಹಾಕುವುದು ನನಗೆ ನಿಜವಾಗಲೂ ಸಂಕಟ. ಯಾಕೆಂದರೆ ಅದರ ಜೀವ ಇರುವುದೇ ಬಾಲದಲ್ಲಿ.

ಅವನು ಕೇಳುವುದು ನಾಲ್ಕು. ನನ್ನನ್ನು ಆಶೀರ್ವದಿಸು. ನನ್ನ ಗಡಿ ಹೆಚ್ಚಿಸು. ನಿನ್ನ ಕೈ ನನ್ನ ಜೊತೆ ಇರಲಿ. ಕೇಡಿನಿಂದ ತಪ್ಪಿಸು. ಆಮೇಲೆ ಕೊನೆಯ ಎರಡು ಪದ: ಲೆಬಿಲ್ತಿ ಓತ್ಸ್ಬಿ. ನನಗೆ ನೋವಾಗದ ಹಾಗೆ. ಓತ್ಸ್ಬಿ ಅನ್ನುವುದರಲ್ಲಿ ಅಕ್ಷರಗಳು ಮತ್ತೆ ಹಳೆಯ ಸಾಲಿಗೆ ಬಂದಿವೆ: ಅಯಿನ್, ತ್ಸಾದೆ, ಬೇತ್. ತಾಯಿ ಯಾವ ಪದವನ್ನು ಕಲಕಿ ಹೆಸರು ಮಾಡಿದ್ದಳೋ, ಮಗ ಅದನ್ನು ಮತ್ತೆ ಜೋಡಿಸಿ ದೇವರ ಮುಂದೆ ಇಟ್ಟ. ತನ್ನ ಹೆಸರಿನಲ್ಲಿ ಏನಿದೆ ಅಂತ ಅವನಿಗೆ ಗೊತ್ತಿತ್ತು.

ಆ ಎರಡು ಪದವನ್ನು ಇನ್ನೊಂದು ಥರವೂ ಓದುತ್ತಾರೆ. ನನಗೆ ನೋವಾಗದ ಹಾಗೆ ಅಲ್ಲ, ನನ್ನಿಂದ ನೋವಾಗದ ಹಾಗೆ. ಕೆಲವು ಅನುವಾದಗಳು ಹಾಗೇ ಕೊಡುತ್ತವೆ. ಹೀಬ್ರೂವಿನ ಆ ರೂಪ ಎರಡಕ್ಕೂ ಜಾಗ ಕೊಡುತ್ತದೆ. ಮೊದಲನೆಯದೇ ಹೆಚ್ಚು ಸಹಜ ಅಂತ ವ್ಯಾಕರಣ ಕಲಿಸಿದವರು ಹೇಳಿದ್ದರು, ನಾನೂ ಒಪ್ಪುತ್ತೇನೆ. ಆದರೂ ಎರಡನೆಯದು ನನ್ನನ್ನು ಬಿಡುವುದಿಲ್ಲ. ಹುಟ್ಟುವಾಗಲೇ ಅಮ್ಮನಿಗೆ ನೋವು ಕೊಟ್ಟೆ ಅಂತ ಕೇಳಿಕೊಂಡೇ ಬೆಳೆದ ಹುಡುಗ, ಇನ್ನು ಮೇಲೆ ನನ್ನಿಂದ ಯಾರಿಗೂ ನೋವಾಗದಿರಲಿ ಅಂತ ಕೇಳಿಕೊಳ್ಳುವುದು. ಅದನ್ನು ಯೋಚಿಸಿದರೆ ಗಂಟಲು ಕಟ್ಟುತ್ತದೆ.

ಪ್ರಾರ್ಥನೆಯ ಕಟ್ಟಡವೂ ವಿಚಿತ್ರ. ಅದು ಶುರುವಾಗುವುದು ಇಮ್ ಅನ್ನುವ ಪದದಿಂದ. ಅಂದರೆ "ಒಂದು ವೇಳೆ". ನೀನು ಆಶೀರ್ವದಿಸಿದರೆ, ಗಡಿ ಹೆಚ್ಚಿಸಿದರೆ, ನಿನ್ನ ಕೈ ಜೊತೆಗಿದ್ದರೆ... ಆಮೇಲೆ "ಆಗ ನಾನು ಹೀಗೆ ಮಾಡುತ್ತೇನೆ" ಅಂತ ಬರಬೇಕು. ಯಾಕೋಬನ ಹರಕೆ ಆದಿಕಾಂಡ 28ರಲ್ಲಿ ಹಾಗೇ ಇದೆ. ದೇವರು ಕಾಪಾಡಿದರೆ, ಅನ್ನ ಬಟ್ಟೆ ಕೊಟ್ಟರೆ, ಹತ್ತರಲ್ಲಿ ಒಂದು ಪಾಲು ಕೊಡುತ್ತೇನೆ ಅನ್ನುತ್ತಾನೆ. ಯಾಬೇಚನ ವಾಕ್ಯದಲ್ಲಿ ಎರಡನೇ ಭಾಗವೇ ಇಲ್ಲ. ವಾಕ್ಯ ಅರ್ಧಕ್ಕೇ ನಿಂತಿದೆ. ಏನು ಕೊಡುತ್ತೇನೆ ಅಂತ ಅವನು ಹೇಳುವುದಿಲ್ಲ. ವ್ಯಾಪಾರ ಇಲ್ಲ. ಇದಕ್ಕೆ ಪಂಡಿತರು ಉದ್ದುದ್ದ ವಿವರಣೆ ಕೊಡುತ್ತಾರೆ. ಕನ್ನಡದವರಿಗೆ ವಿವರಣೆ ಬೇಕಾ? ನಾವು ದಿನಾ ಹೀಗೇ ಕೇಳುತ್ತೇವಲ್ಲ. "ಒಂದು ಮಳೆ ಬಂದಿದ್ದರೆ..." ಅನ್ನುತ್ತಾನೆ ರೈತ. "ನೀವು ಒಂದು ಮಾತು ಹೇಳಿದ್ರೆ..." ಅನ್ನುತ್ತಾಳೆ ಮಗಳಿಗೆ ಕೆಲಸ ಕೇಳಿಕೊಂಡು ಬಂದ ತಾಯಿ. ಆ "ರೆ" ಆದ ಮೇಲೆ ಮಾತು ನಿಲ್ಲುತ್ತದೆ. ಉಳಿದದ್ದು ಮುಖದಲ್ಲಿರುತ್ತದೆ. ಯಾಬೇಚ ಕೇಳಿದ್ದೂ ಆ "ರೆ"ಯಲ್ಲಿ. ಅವನು ಕೇಳಿದ್ದನ್ನು ದೇವರು ತಂದ ಅಂತ ವಚನ ಮುಗಿಯುತ್ತದೆ. ಕೊಟ್ಟ ಅಂತ ಅಲ್ಲ, ತಂದ ಅಂತಲೇ ಹೀಬ್ರೂ ಪದ.

"ನಿನ್ನ ಕೈ ನನ್ನ ಜೊತೆ" ಅನ್ನುವುದರಲ್ಲೂ ನನಗೆ ಒಂದು ಪ್ರತಿಧ್ವನಿ ಕೇಳಿಸುತ್ತದೆ. ಯೋಬನ ಪುಸ್ತಕದಲ್ಲಿ, ಮೈತುಂಬ ಹುಣ್ಣಾಗಿ ಕೂತ ಯೋಬ ದೇವರಿಗೆ "ನಿನ್ನ ಕೈಗಳೇ ನನ್ನನ್ನು ರೂಪಿಸಿದವು" ಅನ್ನುತ್ತಾನೆ. ಅಲ್ಲಿ "ರೂಪಿಸು" ಅನ್ನುವುದಕ್ಕೂ ಅಯಿನ್, ತ್ಸಾದೆ, ಬೇತ್. ನಿಘಂಟಿನವರು ಇವೆರಡನ್ನೂ ಬೇರೆ ಬೇರೆ ಬೇರು ಅಂತ ಎಣಿಸುತ್ತಾರೆ. ಆದರೆ ಕಣ್ಣಿಗೆ ಒಂದೇ. ಇವತ್ತಿನ ಇಸ್ರೇಲಿನಲ್ಲಿ ಆ ಮೂರು ಅಕ್ಷರದಿಂದಲೇ ಬೇಸರಕ್ಕೂ ಪದ ಇದೆ, ನರಕ್ಕೂ ಇದೆ, ಡಿಸೈನ್ ಮಾಡುವ ಕೆಲಸಕ್ಕೂ ಇದೆ. ಕುಂಬಾರನ ಕೈ ಮತ್ತು ಹೆರುವವಳ ಬೇನೆ ಒಂದೇ ಮೂರು ಅಕ್ಷರದಲ್ಲಿ ವಾಸ ಮಾಡಿಕೊಂಡಿವೆ.

ಯೆಹೂದ್ಯ ಗುರುಗಳಿಗೆ ಯಾಬೇಚ ಶ್ರೀಮಂತ ಅಲ್ಲ, ಮೇಷ್ಟ್ರು. ಅದಕ್ಕೆ ಕಾರಣ ಇದೆ. ಒಂದನೇ ಪೂರ್ವಕಾಲವೃತ್ತಾಂತದ 2ನೇ ಅಧ್ಯಾಯದ ಕೊನೆಯಲ್ಲಿ ಯಾಬೇಚ್ ಅಂತ ಒಂದು ಊರಿನ ಹೆಸರು ಬರುತ್ತದೆ. ಅಲ್ಲಿ ಬರಹಗಾರರ ಮನೆತನಗಳು ವಾಸವಾಗಿದ್ದವು ಅಂತ ಇದೆ. ತಾಲ್ಮೂದಿನ ತೆಮುರಾ ಭಾಗ ಇವನನ್ನು, ರಾಜರಿಗೆ ಮುಂಚೆ ಇಸ್ರೇಲನ್ನು ನಡೆಸಿದ ನ್ಯಾಯಸ್ಥಾಪಕರಲ್ಲಿ ಒಬ್ಬನಾದ ಒತ್ನೀಯೇಲನೇ ಅನ್ನುತ್ತದೆ. ಯಾಬೇಚ ಅನ್ನುವ ಹೆಸರನ್ನು ಬಿಡಿಸಿ, ಬುದ್ಧಿ ಹೇಳಿದವನು, ಇಸ್ರೇಲಿನಲ್ಲಿ ವಿದ್ಯೆ ಹರಡಿದವನು ಅಂತ ಅರ್ಥ ಮಾಡುತ್ತದೆ. ಮೋಶೆ ಸತ್ತಾಗ ಅಳುತ್ತ ಕೂತ ಜನ ಮರೆತುಬಿಟ್ಟ ಪಾಠಗಳನ್ನು ಒತ್ನೀಯೇಲ ತನ್ನ ಜಾಣತನದಿಂದ ಮತ್ತೆ ಹುಡುಕಿ ಕೊಟ್ಟ ಅಂತ ಅಲ್ಲಿ ಕಥೆ. ಹಾಗಾದರೆ ಗಡಿ ಹೆಚ್ಚಿಸು ಅಂದರೆ? ಶಿಷ್ಯರನ್ನು ಹೆಚ್ಚಿಸು. ಜಮೀನಿನ ಮಾತೇ ಇಲ್ಲ.

ಆ ಹೆಸರು ಆಮೇಲೂ ಪುಸ್ತಕದವರ ಜೊತೆಯೇ ಓಡಾಡಿತು. 18ನೇ ಶತಮಾನದ ಜರ್ಮನಿಯಲ್ಲಿದ್ದ ದೊಡ್ಡ ರಬ್ಬಿ, ಅಂದರೆ ಯೆಹೂದ್ಯ ಗುರು, ಯಾಕೋಬ್ ಎಮ್ಡೆನ್ ಅವರನ್ನು ಇವತ್ತಿಗೂ ಯಾವೆತ್ಸ್ ಅಂತ ಕರೆಯುತ್ತಾರೆ. ಯಾಕೋಬ್ ಬೆನ್ ತ್ಸ್ವಿ ಅನ್ನುವ ಹೆಸರಿನ ಅಕ್ಷರಗಳನ್ನು ಕೂಡಿಸಿದರೆ ಸರಿಯಾಗಿ ಈ ಹೆಸರೇ ಬರುತ್ತದೆ. ಇನ್ನೊಬ್ಬರು ಜೆಎವ್ ಯಾವೆತ್ಸ್, ಅವರ ಮನೆತನದ ಹೆಸರೇ ಅದು. 1890ರಲ್ಲಿ ಜಿಖ್ರೋನ್ ಯಾಕೋಬ್ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ, ಯೆಹೂದ್ಯರ ಮರಗಳ ಹೊಸ ವರ್ಷದ ಹಬ್ಬದ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಸಸಿ ನೆಟ್ಟರು. ಇವತ್ತು ಇಸ್ರೇಲಿನ ಮಕ್ಕಳೆಲ್ಲ ಆ ದಿನ ಸಸಿ ನೆಡುವ ಪದ್ಧತಿಯ ಬೇರು ಅಲ್ಲಿದೆ. ಗಡಿ ಹೆಚ್ಚಿಸುವುದು ಅಂದರೆ ನನಗೆ ಕಣ್ಣಿಗೆ ಬರುವುದು ಈ ಚಿತ್ರ, ಕೈಯಲ್ಲಿ ಸಸಿ ಹಿಡಿದ ಶಾಲೆಯ ಮಕ್ಕಳು.

ನಮ್ಮ ಸೀಮೆಗೆ ಹತ್ತಿರ ಬರುವ ಒಬ್ಬ ಯಾಬೇಚನೂ ಇದ್ದಾನೆ. 1769ರಲ್ಲಿ ಇಂಗ್ಲೆಂಡಿನ ಡರ್ಬಿಶೈರಿನ ಮೊನ್ಯಾಶ್ ಅನ್ನುವ ಹಳ್ಳಿಯಲ್ಲಿ, ಅಮೆರಿಕಕ್ಕೆ ಹೊರಟಿದ್ದ ರಿಚರ್ಡ್ ಬೋರ್ಡ್‌ಮನ್ ಅನ್ನುವ ಬೋಧಕ ಯಾಬೇಚನ ವಚನ ಹಿಡಿದು ಮಾತಾಡಿದರು. ಕೇಳಿಸಿಕೊಂಡ ಒಬ್ಬ ಹುಡುಗಿಗೆ ಅದು ಎದೆಗೆ ನಾಟಿತು. ಹತ್ತು ವರ್ಷದ ಮೇಲೆ, 1779ರಲ್ಲಿ, ತನಗೆ ಮಗ ಹುಟ್ಟಿದಾಗ ಅವಳು ಆ ಹೆಸರನ್ನೇ ಇಟ್ಟಳು. ಅವನೇ ಜೇಬೆಜ್ ಬಂಟಿಂಗ್. ಮುಂದೆ ವೆಸ್ಲಿಯನ್ ಮೆಥಡಿಸ್ಟ್ ಅನ್ನುವ ಪ್ರೊಟೆಸ್ಟಂಟ್ ಪಂಗಡದವರ ದೊಡ್ಡ ನಾಯಕ, ನಾಲ್ಕು ಸಲ ಅವರ ಅಧ್ಯಕ್ಷ, ಅವರ ಮಿಷನ್ ಸಂಘದ ಕಾರ್ಯದರ್ಶಿ. ಬೆಂಗಳೂರು ಮೈಸೂರುಗಳಿಗೆ ಬಂದು ಕನ್ನಡ ಕಲಿತು ಶಾಲೆ ತೆರೆದ ವೆಸ್ಲಿಯನ್ ಮಿಷನರಿಗಳು ಆ ಸಂಘದವರೇ. ಬಂಟಿಂಗ್ ಅವರ ಗಟ್ಟಿತನದ ಬಗ್ಗೆ, ಅವರು ಜನರನ್ನು ಬಗ್ಗಿಸಿದ ರೀತಿಯ ಬಗ್ಗೆ ಅವರ ಕಾಲದಲ್ಲೇ ಜಗಳ ಇತ್ತು. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಹತ್ತು ವರ್ಷ ಒಂದು ಹೆಸರನ್ನು ಮಡಿಲಲ್ಲಿ ಕಟ್ಟಿಕೊಂಡು ಕಾದ ಆ ಹುಡುಗಿಯ ಬಗ್ಗೆ ಇದೆ. ಇಲ್ಲಿಯೂ ಹೆಸರು ಬಂದದ್ದು ತಾಯಿಯಿಂದ.

ಆಸ್ಪತ್ರೆಯಿಂದ ಬಂದ ಎರಡನೇ ವಾರ ತಂಗಿ ನನ್ನನ್ನು ಕರೆದಳು. "ಆ ಎರಡು ಪದ ಬರೆದು ತೋರಿಸು" ಅಂದಳು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ದೊಡ್ಡದಾಗಿ ಬರೆದೆ. ಮೇಲೆ ಓತ್ಸೆಬ್, ಕೆಳಗೆ ಯಅಬೇತ್ಸ್. ಬಲದಿಂದ ಓದಬೇಕು ಅಂತ ಹೇಳಿಕೊಟ್ಟೆ. ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಒಂದು ಬೆರಳಿನಿಂದ ಅಕ್ಷರ ಅಕ್ಷರ ಹುಡುಕಿದಳು. ಇದು ಇದೇನಾ, ಇದು ಇಲ್ಲಿಗೆ ಬಂತಾ ಅಂತ ಕೇಳುತ್ತ. ಕೊನೆಯ ತ್ಸಾದೆಯ ಉದ್ದ ಕಾಲಿನ ಮೇಲೆ ಬೆರಳು ನಿಂತಿತು. ಏನೂ ಹೇಳಲಿಲ್ಲ. ಬಟ್ಟೆ ಸಡಿಲಿಸಿ ಮಗುವಿನ ಪಾದ ಹೊರಗೆ ತೆಗೆದು ಹಿಡಿದುಕೊಂಡಳು.

ಅವಳ ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದರು. ನಾನು ನೋಡಿರಲಿಲ್ಲ.

ದೀಕ್ಷಾಸ್ನಾನದ ಭಾನುವಾರ ಊಟ ಆದ ಮೇಲೆ ಅವರು ತಮ್ಮ ಮನೆಯ ದೊಡ್ಡ ಬೈಬಲ್ ತಂದರು. ಅದರ ಮುಂದಿನ ಖಾಲಿ ಹಾಳೆಗಳಲ್ಲಿ ಮನೆಯಲ್ಲಿ ಹುಟ್ಟಿದವರ ಹೆಸರುಗಳಿದ್ದವು. ಮೂರು ತಲೆಮಾರು, ಬೇರೆ ಬೇರೆ ಶಾಯಿ. ಇಂಥವನ ಮಗ ಇಂಥವನು, ಇಂಥವನ ಮಗಳು ಇಂಥವಳು. ಅವರು ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು, ಕೆಳಗಿನ ಸಾಲಿನಲ್ಲಿ ನಿಧಾನವಾಗಿ ಯಾಬೇ ಅಂತ ಬರೆದು ನಿಲ್ಲಿಸಿದರು.

"ಚ ತಾನೆ? ಜ ಅಲ್ವಲ್ಲ?"

"ಚನೇ" ಅಂದೆ.

ಚ ಬರೆದರು. ತಾರೀಖು ಬರೆದರು. ತಮ್ಮ ಮಗನ ಹೆಸರು ಬರೆಯುವುದಕ್ಕೆ ಮೊದಲು ಸ್ವಲ್ಪ ಜಾಗ ನೋಡಿಕೊಂಡು, ಆ ಹಾಳೆಯಲ್ಲಿ ಅಲ್ಲಿಯವರೆಗೆ ಯಾವ ತಾಯಿಯ ಹೆಸರೂ ಇರಲಿಲ್ಲ, ನನ್ನ ತಂಗಿಯ ಹೆಸರನ್ನು ಪೂರ್ತಿಯಾಗಿ ಬರೆದರು.